ದೀಪಕ್ಕೆ ಕಟ್ಟಳೆ, ದುರಸ್ತಿಗೆ ಸಲಹೆ

ಸಂಚಾರ ದೀಪದ ಕಂಬ ನೆಡುವುದಕ್ಕೂ ಒಂದು ಶಾಸ್ತ್ರವಿದೆ. ದೀಪ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು, ಅದರ ಮುಖದ ವ್ಯಾಸ ಎಷ್ಟಿರಬೇಕು, ಯಾವ ಬಣ್ಣ ಮೇಲೆ, ಯಾವುದು ಕೆಳಗೆ ಎಂಬುದೆಲ್ಲ ಅಳತೆ ಸಹಿತ ಬರೆದಿಟ್ಟ ಕಟ್ಟಳೆ. ಆದರೆ ಆ ದೀಪ ಕೆಟ್ಟಾಗ ಸರಿಪಡಿಸಲು ಯಾರು ಬರಬೇಕು, ಎಷ್ಟು ಹೊತ್ತಿನೊಳಗೆ ಬರಬೇಕು ಎಂಬುದನ್ನೂ ಹೀಗೆಯೇ ಬರೆದಿಟ್ಟಿದ್ದಾರೆಯೇ? ಈ ಪ್ರಶ್ನೆಯನ್ನು ಇಟ್ಟುಕೊಂಡು ಒಂದು ಪ್ರಸಿದ್ಧ ಕೈಪಿಡಿಯನ್ನು ಓದೋಣ.

ಅದು ಅಮೆರಿಕ ಸಂಯುಕ್ತ ಸಂಸ್ಥಾನದ ‘ಮ್ಯಾನುಯಲ್ ಆನ್ ಯೂನಿಫಾರ್ಮ್ ಟ್ರಾಫಿಕ್ ಕಂಟ್ರೋಲ್ ಡಿವೈಸಸ್’. 1935ರಲ್ಲಿ ಮೊದಲು ಪ್ರಕಟವಾದ ಈ ಕೈಪಿಡಿಯನ್ನು ಈಗ ಹೊರತರುತ್ತಿರುವುದು ಅಲ್ಲಿನ ಫೆಡರಲ್ ಹೈವೇ ಅಡ್ಮಿನಿಸ್ಟ್ರೇಶನ್. ಹನ್ನೊಂದನೆಯ ಆವೃತ್ತಿ 2023ರ ಡಿಸೆಂಬರ್‌ನಲ್ಲಿ ಬಂದಿದೆ. ಅದಕ್ಕೆ ಹಿಂದಿನದು 2009ರ ಆವೃತ್ತಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಚರಣೆಯಲ್ಲಿದ್ದ ಆ ಆವೃತ್ತಿಯಲ್ಲಿ 800ಕ್ಕೂ ಹೆಚ್ಚು ಪುಟಗಳಿವೆ. ಇಂದು ಅಲ್ಲಿನ ಪುರಸಭೆಗಳಲ್ಲಿ ದುಡಿಯುತ್ತಿರುವ ಸಿಗ್ನಲ್ ತಂತ್ರಜ್ಞರಲ್ಲಿ ಬಹಳಷ್ಟು ಮಂದಿ ಅದರ ನೆರಳಿನಲ್ಲೇ ಕೆಲಸ ಕಲಿತವರು. ಅದರ 4ಡಿ.02 ಎಂಬ ಚಿಕ್ಕ ವಿಭಾಗ ಸಂಚಾರ ದೀಪಗಳ ನಿರ್ವಹಣೆಯ ಹೊಣೆಯನ್ನು ಕುರಿತದ್ದು. ನಮ್ಮ ವಿಮರ್ಶೆ ಮುಖ್ಯವಾಗಿ ಈ ಒಂದು ವಿಭಾಗಕ್ಕೆ ಸಂಬಂಧಿಸಿದ್ದು.

ನಾಲ್ಕು ಬಗೆಯ ಮಾತು

ಕೈಪಿಡಿಯ ಮಾತುಗಳು ನಾಲ್ಕು ಬಗೆಯವು. ಮೊದಲನೆಯದು ಮಾನಕ, ಪಾಲಿಸಲೇಬೇಕಾದದ್ದು. ನಮ್ಮ ಸರ್ಕಾರಿ ಆದೇಶಗಳ ‘ತಕ್ಕದ್ದು’ ಎಂಬ ಪದದ ತೂಕ ಇದಕ್ಕಿದೆ. ಎರಡನೆಯದು ಮಾರ್ಗದರ್ಶನ, ಪಾಲಿಸುವುದು ಒಳ್ಳೆಯದು, ಆದರೆ ತಕ್ಕ ಕಾರಣವಿದ್ದರೆ ಬಿಡಬಹುದು. ಮೂರನೆಯದು ಐಚ್ಛಿಕ, ನಾಲ್ಕನೆಯದು ಬರಿಯ ವಿವರಣೆ. ಯಾವ ವಿಷಯವನ್ನು ಯಾವ ಬಗೆಯಲ್ಲಿ ಹೇಳಿದೆ ಎಂಬುದನ್ನು ನೋಡಿದರೆ ಅದಕ್ಕೆ ಕೊಟ್ಟಿರುವ ಬೆಲೆ ತಿಳಿಯುತ್ತದೆ.

ಈಗ ಎರಡು ಉದಾಹರಣೆಗಳನ್ನು ಗಮನಿಸಿ. ಮಿನುಗುವ ದೀಪ ನಿಮಿಷಕ್ಕೆ 50ಕ್ಕಿಂತ ಕಡಿಮೆಯಿಲ್ಲದಂತೆ, 60ಕ್ಕಿಂತ ಹೆಚ್ಚಿಲ್ಲದಂತೆ ಮಿನುಗತಕ್ಕದ್ದು. ವಾಹನ ಓಡಾಡುವ ರಸ್ತೆಯ ಮೇಲೆ ತೂಗುವ ದೀಪದ ತಳ ನೆಲದಿಂದ ಕನಿಷ್ಠ 15 ಅಡಿ ಎತ್ತರದಲ್ಲಿರತಕ್ಕದ್ದು. ಇವೆರಡೂ ಮಾನಕಗಳು. ಆದರೆ ನಿರ್ವಹಣೆಯ ವಿಭಾಗ ಮಾರ್ಗದರ್ಶನವಾಗಿ ಬರುತ್ತದೆ. ದೀಪ ಕೆಟ್ಟಾಗ ನುರಿತ ಸಿಬ್ಬಂದಿ ಅನಗತ್ಯ ವಿಳಂಬವಿಲ್ಲದೆ ದೊರೆಯುವಂತಿರಬೇಕು, ಬದಲಿ ಉಪಕರಣಗಳು ಕೈಯಲ್ಲಿರಬೇಕು, ಅನುಭವಕ್ಕೆ ಬಂದಷ್ಟು ಸಲ ದೀಪಗಳನ್ನು ಒರೆಸಬೇಕು, ಬದಲಾಯಿಸಬೇಕು ಎಂದೆಲ್ಲ ಅಲ್ಲಿದೆ. ಎಲ್ಲವೂ ಒಳ್ಳೆಯ ಮಾತೇ. ಆದರೆ ‘ಅನಗತ್ಯ ವಿಳಂಬ’ ಎಂದರೆ ಎಷ್ಟು ಗಂಟೆ? ‘ಅನುಭವ’ ಯಾರದು? ಮಿನುಗುವ ವೇಗಕ್ಕೆ ಅಂಕಿಯುಂಟು, ಮಿನುಗುತ್ತ ನಿಂತ ದೀಪವನ್ನು ಸರಿಪಡಿಸಲು ಬರುವವನ ವೇಗಕ್ಕೆ ಅಂಕಿಯಿಲ್ಲ!

ಪೆಟ್ಟಿಗೆಯೊಳಗೆ

ಈ ಕೊರತೆ ಎಷ್ಟು ದೊಡ್ಡದು ಎಂದು ತಿಳಿಯಲು ತಂತ್ರಜ್ಞ ಮಾಡುವ ಕೆಲಸದ ಪರಿಚಯ ಬೇಕು. ಚೌಕದ ಮೂಲೆಯಲ್ಲಿ ಬೀರುವಿನಂಥ ಲೋಹದ ಪೆಟ್ಟಿಗೆಯೊಂದು ಇರುತ್ತದೆ. ಅದರೊಳಗಿನ ನಿಯಂತ್ರಕ ಯಾವ ದಿಕ್ಕಿಗೆ ಯಾವಾಗ ಹಸಿರು ಎಂದು ನಿರ್ಧರಿಸುತ್ತದೆ. ಅದರ ಕ್ಷೀಣ ಸಂಕೇತವನ್ನು ಪಡೆದು ದೀಪಗಳಿಗೆ 120 ವೋಲ್ಟ್ ವಿದ್ಯುತ್ತನ್ನು ಹಾಯಿಸುವುದು ‘ಲೋಡ್ ಸ್ವಿಚ್’ ಎಂಬ ಬಿಡಿಭಾಗ. ಲೋಡ್ ಸ್ವಿಚ್ ಕೆಟ್ಟು ಅಂಟಿಕೊಂಡರೆ, ನಿಯಂತ್ರಕ ಬೇಡವೆಂದರೂ ಹಸಿರು ಉರಿಯುತ್ತಲೇ ಇರಬಹುದು. ಆಗ ಒಂದನ್ನೊಂದು ಅಡ್ಡಹಾಯುವ ಎರಡು ದಾರಿಗಳಿಗೆ ಏಕಕಾಲದಲ್ಲಿ ಹಸಿರು ಸಿಗುವ ಅಪಾಯವಿದೆ.

ಇದನ್ನು ತಡೆಯಲೆಂದೇ ಪೆಟ್ಟಿಗೆಯಲ್ಲಿ ಒಬ್ಬ ಕಾವಲುಗಾರನಿದ್ದಾನೆ. ನೇಮಾ ಸಂಸ್ಥೆಯ ಟಿಎಸ್-2 ಮಾನಕದಲ್ಲಿ ಇದಕ್ಕೆ ‘ಮ್ಯಾಲ್‌ಫಂಕ್ಷನ್ ಮ್ಯಾನೇಜ್‌ಮೆಂಟ್ ಯೂನಿಟ್’ ಎಂದು ಹೆಸರು. 16 ವಾಹಿನಿಗಳ ಕಾವಲುಗಾರನಿಗೆ ಎರಡೆರಡರಂತೆ 120 ಜೋಡಿಗಳ ಮೇಲೆ ಕಣ್ಣಿಡಬೇಕು. ಯಾವ ಜೋಡಿಗೆ ಒಟ್ಟಿಗೆ ಹಸಿರು ಸಿಗಬಹುದು ಎಂಬುದನ್ನು ಒಂದು ಪುಟ್ಟ ಕಾರ್ಡಿನ ಮೇಲೆ ತಂತಿ ತುಣುಕುಗಳನ್ನು ಬೆಸೆದು ತಿಳಿಸಿರುತ್ತಾರೆ. ಬೆಸೆಯದ ಜೋಡಿ ಒಟ್ಟಿಗೆ ಉರಿದರೆ ಅರ್ಧ ಸೆಕೆಂಡಿನೊಳಗೆ ಕಾವಲುಗಾರ ನಿಯಂತ್ರಕದ ಕೈಯಿಂದ ದೀಪಗಳನ್ನು ಕಸಿದುಕೊಂಡು ಇಡೀ ಚೌಕವನ್ನು ಮಿನುಗುವ ಸ್ಥಿತಿಗೆ ತಳ್ಳುತ್ತಾನೆ. ಆಮೇಲೆ ತಂತ್ರಜ್ಞ ಬಂದು ಕಾರಣ ಹುಡುಕಿ, ಸರಿಪಡಿಸಿ, ಗುಂಡಿ ಒತ್ತುವವರೆಗೆ ದೀಪಗಳು ಮಿನುಗುತ್ತಲೇ ಇರುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಕಾವಲುಗಾರ ಚೆನ್ನಾಗಿದ್ದಾನೆ ಎಂದು ಹೇಳುವವರು ಯಾರು? ಎಲ್ಲವೂ ಸರಿಯಿರುವಾಗ ಅವನಿಗೆ ಕೆಲಸವಿಲ್ಲ. ಕೆಟ್ಟುಹೋಗಿದ್ದರೂ ಹೊರಗೆ ತಿಳಿಯದಿರಬಹುದು. ಆದ್ದರಿಂದ ಅನೇಕ ಪುರಸಭೆಗಳಲ್ಲಿ ವರ್ಷಕ್ಕೊಮ್ಮೆ ಅವನನ್ನು ಬಿಚ್ಚಿ ಪರೀಕ್ಷಾ ಯಂತ್ರಕ್ಕೆ ಜೋಡಿಸಿ, ತಪ್ಪು ಜೋಡಿಗಳನ್ನು ಬೇಕೆಂದೇ ಉರಿಸಿ, ಹಿಡಿಯುತ್ತಾನೋ ಇಲ್ಲವೋ ನೋಡುತ್ತಾರೆ. ಕಾರ್ಡಿನ ಮೇಲೆ ಇರಬಾರದ ಒಂದು ಬೆಸುಗೆ ಸಾಕು, ಆ ಜೋಡಿಯ ಮಟ್ಟಿಗೆ ಕಾವಲುಗಾರ ಕುರುಡ. ಜೀವ ಉಳಿಸುವ ಈ ಪರೀಕ್ಷೆ ನಡೆಯುವುದು ಒಂದೊಂದು ಊರಿನ ಶಿಸ್ತಿನ ಬಲದಿಂದ, 4ಡಿ.02 ಅದನ್ನು ಹೆಸರಿಸಿ ಕಡ್ಡಾಯ ಮಾಡಿಲ್ಲ.

ವೋಲ್ಟೇಜು ಬೆಳಕಲ್ಲ

ಕಾವಲುಗಾರನಿಗೂ ಒಂದು ಮಿತಿಯಿದೆ. ಸಾಮಾನ್ಯವಾಗಿ ಅವನು ನೋಡುವುದು ತಂತಿಯ ಮೇಲಿನ ವೋಲ್ಟೇಜನ್ನು, ದೀಪದ ಬೆಳಕನ್ನಲ್ಲ. ಕೆಂಪು ದೀಪಕ್ಕೆ ವಿದ್ಯುತ್ ಹೋಗುತ್ತಿದೆ, ಆದರೆ ದೀಪವೇ ಸತ್ತಿದೆ ಎನ್ನಿ. ಪೆಟ್ಟಿಗೆಯ ಲೆಕ್ಕದಲ್ಲಿ ಎಲ್ಲವೂ ಸರಿ! ಅದನ್ನು ಕಂಡು ಹೇಳಲು ಮನುಷ್ಯನ ಕಣ್ಣೇ ಬೇಕು.

ಹಳೆಯ ತಂತು ಬಲ್ಬುಗಳ ಕಾಲದಲ್ಲಿ ಆ ಕಣ್ಣು ತಾನಾಗಿಯೇ ಒದಗುತ್ತಿತ್ತು. ಬಲ್ಬಿನ ಆಯುಸ್ಸು ಕಡಿಮೆಯಾದ್ದರಿಂದ ಸುಟ್ಟುಹೋಗುವ ಮೊದಲೇ ಸರದಿಯ ಮೇಲೆ ಎಲ್ಲ ಬಲ್ಬುಗಳನ್ನೂ ಬದಲಾಯಿಸುವುದು ರೂಢಿ. ತಂತ್ರಜ್ಞ ಬುಟ್ಟಿಲಾರಿಯಲ್ಲಿ ಮೇಲೇರಿ ಬಲ್ಬು ಹಾಕುವಾಗ ಗಾಜು ಒರೆಸುತ್ತಿದ್ದ, ಸಡಿಲಾದ ಬೋಲ್ಟು ಬಿಗಿಯುತ್ತಿದ್ದ, ಒಣಗಿ ಬಿರುಕುಬಿಟ್ಟ ತಂತಿಯನ್ನು ನೋಡುತ್ತಿದ್ದ. ಆಮೇಲೆ ಎಲ್‌ಇಡಿ ಬಂತು. 2005ರ ಇಂಧನ ನೀತಿ ಕಾಯ್ದೆ 2006ರ ಜನವರಿ 1ರಿಂದ ತಯಾರಾಗುವ ಸಿಗ್ನಲ್ ದೀಪಗಳಿಗೆ ಮಿತವ್ಯಯದ ಮಾನದಂಡ ವಿಧಿಸಿದ ಮೇಲಂತೂ ಹಳೆಯ ಬಲ್ಬಿಗೆ ಉಳಿಗಾಲವಿಲ್ಲವಾಯಿತು. ನೂರಕ್ಕೂ ಹೆಚ್ಚು ವ್ಯಾಟ್ ತಿನ್ನುತ್ತಿದ್ದ ಜಾಗದಲ್ಲಿ ಹತ್ತು ಹದಿನೈದು ವ್ಯಾಟ್ ಸಾಕಾಯಿತು. ಲಾಭ ದೊಡ್ಡದು, ಅದರಲ್ಲಿ ಅನುಮಾನವಿಲ್ಲ.

ಆದರೆ ಎಲ್‌ಇಡಿ ವರ್ಷಗಟ್ಟಲೆ ಬಾಳುತ್ತದೆ, ಬಾಳುತ್ತ ಮೆಲ್ಲಮೆಲ್ಲನೆ ಮಂಕಾಗುತ್ತದೆ. ಬಲ್ಬಿನಷ್ಟು ಶಾಖವನ್ನು ಮುಂದಕ್ಕೆ ಸೂಸದ ಕಾರಣ ಹಿಮ ಬೀಳುವ ಊರುಗಳಲ್ಲಿ ಅದರ ಮುಖಕ್ಕೆ ಅಂಟಿದ ಹಿಮ ಕರಗುವುದಿಲ್ಲ, ಬಣ್ಣವೇ ಕಾಣದಂತಾಗುತ್ತದೆ. ಬಲ್ಬಿನ ನೆಪದಲ್ಲಿ ನಡೆಯುತ್ತಿದ್ದ ಭೇಟಿ ಮಾತ್ರ ನಿಂತುಹೋಯಿತು. ಅನುಭವಕ್ಕೆ ಬಂದಷ್ಟು ಸಲ ದೀಪ ಬದಲಿಸಿ ಎಂಬ ಮಾತು ಬಲ್ಬಿನ ಕಾಲಕ್ಕೆ ಹೊಂದುವಂಥದು. ಕಂಬವನ್ನು ಹತ್ತುವ ಪ್ರಸಂಗವೇ ಬಾರದಿದ್ದರೆ ಅನುಭವ ಬರುವುದು ಎಲ್ಲಿಂದ?

ನೆಲದೊಳಗಿನ ದೋಷವೂ ಹೀಗೆಯೇ. ರಸ್ತೆಯನ್ನು ಸೀಳಿ ಹೂತ ತಂತಿಸುರುಳಿಯ ಮೇಲೆ ವಾಹನ ನಿಂತರೆ ಅದರ ಪ್ರೇರಕತ್ವ ತಗ್ಗುತ್ತದೆ, ನಿಯಂತ್ರಕಕ್ಕೆ ವಾಹನ ಬಂದದ್ದು ತಿಳಿಯುತ್ತದೆ. ರಸ್ತೆ ಬಿರಿದು ಸುರುಳಿ ತುಂಡಾದರೆ, ಅಲ್ಲಿ ಸದಾ ವಾಹನವಿದೆ ಎಂದು ಭಾವಿಸುವಂತೆ ಸಾಧನವನ್ನು ರೂಪಿಸಿರುತ್ತಾರೆ. ಕಾಯುವವರು ಹಸಿರೇ ಸಿಗದೆ ನಿಲ್ಲುವುದಕ್ಕಿಂತ ಅದು ಲೇಸು. ಪರಿಣಾಮವಾಗಿ ಖಾಲಿ ರಸ್ತೆಗೆ ಹಸಿರು ಸಿಗುತ್ತಲೇ ಇರುತ್ತದೆ. ಜನ ದೂರುವುದು ‘ಟೈಮಿಂಗ್ ಸರಿಯಿಲ್ಲ’ ಎಂದು. ದೋಷವಿರುವುದು ಡಾಂಬರಿನ ಕೆಳಗೆ, ಅದನ್ನು ಹಿಡಿಯುವುದು ತಂತ್ರಜ್ಞನ ಮೀಟರು.

ಕೈಪಿಡಿಯ ಪರವಾಗಿ

ಹಾಗಾದರೆ ಕೈಪಿಡಿ ಬರೆದವರು ಅಜಾಗರೂಕರೇ? ಹಾಗೆನ್ನುವುದು ನ್ಯಾಯವಲ್ಲ. ಅಮೆರಿಕದಲ್ಲಿ 3 ಲಕ್ಷಕ್ಕೂ ಹೆಚ್ಚು ಸಂಚಾರ ದೀಪಗಳಿವೆ. ಅವು ರಾಜ್ಯ, ಕೌಂಟಿ, ಪುರಸಭೆಗಳ ನಡುವೆ ಹಂಚಿಹೋಗಿವೆ. ನಾಲ್ಕೇ ಚೌಕಗಳಿರುವ ಊರಿಗೆ ರಾತ್ರಿಯೆಲ್ಲ ತಂತ್ರಜ್ಞನನ್ನು ಕಾಯಿಸಿಡು ಎಂದು ರಾಜಧಾನಿಯಿಂದ ಅಪ್ಪಣೆ ಕೊಡಿಸುವುದು ಸುಲಭವಲ್ಲ. ಕಡ್ಡಾಯ ಮಾಡಿದ ಮಾತನ್ನು ಪಾಲಿಸಲಾಗದೆ ಹೋದರೆ ಅಪಘಾತವಾದಾಗ ಪುರಸಭೆ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತದೆ. ಮೇಲಾಗಿ ಈ ವಿಭಾಗದಲ್ಲಿ ಒಂದು ಬಹು ಒಳ್ಳೆಯ ಸಲಹೆಯಿದೆ: ದೀಪವನ್ನು ಸ್ಥಾಪಿಸುವ ಮೊದಲೇ ಅದರ ನಿರ್ವಹಣೆ ಯಾರ ಹೊಣೆ ಎಂಬುದು ಸ್ಪಷ್ಟವಾಗಿರಬೇಕು. ಇದೊಂದನ್ನು ಕಡ್ಡಾಯ ಮಾಡಲು ದೊಡ್ಡ ಖರ್ಚೇನೂ ಇರಲಿಲ್ಲ.

ಸಲಹೆಯ ಹಾದಿ ಎಲ್ಲಿಗೆ ಮುಟ್ಟಿಸಿತು ಎಂಬುದಕ್ಕೆ ಒಂದು ಅಳತೆಗೋಲಿದೆ. ನ್ಯಾಷನಲ್ ಟ್ರಾನ್ಸ್‌ಪೋರ್ಟೇಶನ್ ಆಪರೇಶನ್ಸ್ ಕೊಯಲಿಶನ್ ಎಂಬ ಒಕ್ಕೂಟ ಅಲ್ಲಿನ ಸಂಚಾರ ದೀಪಗಳ ಒಟ್ಟಾರೆ ನಿರ್ವಹಣೆ, ಕಾರ್ಯಾಚರಣೆಗಳಿಗೆ ಶಾಲೆಯ ಅಂಕಪಟ್ಟಿಯಂತೆ ದರ್ಜೆ ಕೊಟ್ಟಿತು. 2005ರಲ್ಲಿ ‘ಡಿ ಮೈನಸ್’, 2007ರಲ್ಲಿ ‘ಡಿ’, 2012ರಲ್ಲಿ ‘ಡಿ ಪ್ಲಸ್’. ಏಳು ವರ್ಷಗಳಲ್ಲಿ ಅಕ್ಷರ ಬದಲಾಗಲಿಲ್ಲ, ಅದರ ಬಾಲ ಮಾತ್ರ ಬದಲಾಯಿತು.  1896ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಮುನಿಸಿಪಲ್ ಸಿಗ್ನಲ್ ಅಸೋಸಿಯೇಶನ್ ಸಿಗ್ನಲ್ ತಂತ್ರಜ್ಞರಿಗೆ ಹಂತಹಂತದ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ನುರಿತವರು ಯಾರು ಎಂದು ಅಳೆಯುವ ದಾರಿಯಿದ್ದೂ, 4ಡಿ.02 ‘ತಕ್ಕ ಕೌಶಲವುಳ್ಳವರು’ ಎಂಬರ್ಥದ ಮಾತಿಗೇ ನಿಲ್ಲುತ್ತದೆ.

ನಾವು ಓದಬೇಕಾದ ಬಗೆ

ದೂರದ ದೇಶದ ಕೈಪಿಡಿಯನ್ನು ನಾವೇಕೆ ಓದಬೇಕು ಎಂದು ನೀವು ಕೇಳಬಹುದು. ನಮ್ಮಲ್ಲಿ ಈ ವಿಷಯಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 93-1985 ಇದೆ. ರಸ್ತೆ ಸಂಚಾರ ದೀಪಗಳ ವಿನ್ಯಾಸ ಮತ್ತು ಸ್ಥಾಪನೆಯ ಮಾರ್ಗಸೂಚಿ ಎಂಬುದು ಅದರ ಹೆಸರಿನ ಅರ್ಥ. ‘ನಿರ್ವಹಣೆ’ ಎಂಬ ಪದ ಶೀರ್ಷಿಕೆಗೇ ಬಂದಿಲ್ಲ! ಬೆಂಗಳೂರಿನಲ್ಲಿ ದೀಪಗಳ ಉಸ್ತುವಾರಿ ಸಂಚಾರ ಪೊಲೀಸರದು, ರಸ್ತೆ ಅಗೆಯುವವರು ಹಲವರು. ಕೇಬಲ್ಲು ತುಂಡಾದಾಗ ಹೊಣೆ ಯಾರದು ಎಂಬ ಪ್ರಶ್ನೆ ಇಲ್ಲಿಯೂ ಅಷ್ಟೇ ಜೀವಂತ. ಕ್ಯಾಮೆರಾ ನೋಡಿ ತಾನೇ ಸಮಯ ಹೊಂದಿಸಿಕೊಳ್ಳುವ ದೀಪಗಳು ಈಗ ನಮ್ಮಲ್ಲೂ ಬಂದಿವೆ. ಜಾಣತನ ಹೆಚ್ಚಿದಷ್ಟೂ ಕೆಡಬಲ್ಲ ಭಾಗಗಳೂ ಹೆಚ್ಚುತ್ತವೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಯಾವ ಸಿಗ್ನಲ್ ಯೋಜನೆಯ ಕಾಗದ ಕೈಗೆ ಬಂದರೂ, ಎಷ್ಟು ಚೌಕಗಳು, ಎಷ್ಟು ಕೋಟಿ ಎಂಬ ಪುಟಗಳನ್ನು ಓದಿ ಮುಗಿಸಿದ ಮೇಲೆ ಇನ್ನು ನಾಲ್ಕು ಸಂಗತಿ ಹುಡುಕಿ. ಕೆಟ್ಟರೆ ಯಾರು ಬರುತ್ತಾರೆ? ಎಷ್ಟು ಗಂಟೆಯೊಳಗೆ? ಬದಲಿ ಭಾಗ ಯಾವ ಉಗ್ರಾಣದಲ್ಲಿದೆ? ಏನು ಕೆಟ್ಟಿತ್ತು, ಹೇಗೆ ಸರಿಹೋಯಿತು ಎಂದು ಬರೆದಿಡುವ ಪುಸ್ತಕ ಎಲ್ಲಿದೆ? ಈ ನಾಲ್ಕಕ್ಕೂ ಅಂಕಿಯಲ್ಲೋ ಹೆಸರಿನಲ್ಲೋ ಉತ್ತರವಿದ್ದರೆ ಆ ದೀಪವನ್ನು ನಂಬಬಹುದು. ಇಲ್ಲವಾದರೆ ಅದು ಉರಿಯುವವರೆಗೆ ಮಾತ್ರ ಸಂಚಾರ ದೀಪ.