ಬೇಲಿಯೊಳಗಣ ಮನೆ, ಬಡಾವಣೆಯ ಬೀದಿ

ಧಾರವಾಡದಿಂದಲೋ ಶಿವಮೊಗ್ಗದಿಂದಲೋ ಮಂಗಳೂರಿನಿಂದಲೋ ಉದ್ಯೋಗನಿಮಿತ್ತವಾಗಿ ಎಳೆಯ ಮಕ್ಕಳೊಡನೆ ಬೆಂಗಳೂರಿಗೆ ಬಂದು ನೆಲೆಸಬೇಕಾದ ದಂಪತಿಗಳು ಮನೆ ಹುಡುಕಲು ಹೊರಟೊಡನೆ, ಬಂಧುಗಳೂ ಸಹೋದ್ಯೋಗಿಗಳೂ ದಲ್ಲಾಳಿಗಳೂ ಏಕಕಂಠದಿಂದ ಅವರಿಗೆ ತೋರಿಸುವ ದಿಕ್ಕು ಇಂದು ಒಂದೇ ಆಗಿದೆ: ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ ರಸ್ತೆ, ಅಲ್ಲಿಯ ಎತ್ತರದ ಕಾಂಪೌಂಡು, ಕಾವಲಿನ ಗೇಟು, ಒಳಗಿನ ಈಜುಕೊಳ, ಹಸುರು ಹುಲ್ಲಿನ ಆಟದ ಅಂಗಳ. ಮಕ್ಕಳೊಂದಿಗರ ಸಂಸಾರಕ್ಕೆ ಈ ‘ಗೇಟೆಡ್ ಕಮ್ಯುನಿಟಿ’ಗಿಂತ ಉತ್ತಮವಾದ ನೆಲೆಯಿಲ್ಲವೆಂಬ ಮಾತು ಕಳೆದ ಎರಡು ದಶಕಗಳಲ್ಲಿ ಪ್ರಶ್ನಾತೀತವಾದ ಸಿದ್ಧಾಂತದ ಪದವಿಗೆ ಏರಿಬಿಟ್ಟಿದೆ. ಈ ಕೀರ್ತಿಯು ಯೋಗ್ಯತೆಯನ್ನು ಬಹುದೂರ ಮೀರಿದುದೆಂಬುದೂ, 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಮೂರು ದಶಕಗಳ ಕಾಲ ನಿರ್ಮಿಸಿದ ಜಯನಗರ, ರಾಜಾಜಿನಗರಗಳಂಥ ಬಡಾವಣೆಗಳು ಇದೇ ಪ್ರಯೋಜನಕ್ಕೆ ಎಷ್ಟೋ ಮೇಲಾಗಿದ್ದೂ ವಿಮರ್ಶಕರ ಉಪೇಕ್ಷೆಗೆ ಪಾತ್ರವಾಗಿವೆಯೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಇತಿಹಾಸವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1898ರ ಪ್ಲೇಗು ಪೇಟೆಯ ಜನರನ್ನು ಮಲ್ಲೇಶ್ವರ, ಬಸವನಗುಡಿಗಳತ್ತ ನೂಕಿದ ಕಥೆಯನ್ನೂ, 1882ರಲ್ಲಿ ಡೇವಿಡ್ ವೈಟ್ ಎಂಬವನು ಆಂಗ್ಲೋ-ಇಂಡಿಯನ್ ಜನರಿಗಾಗಿ ಮಹಾರಾಜರಿಂದ ಭೂಮಿ ಪಡೆದು ವೈಟ್‌ಫೀಲ್ಡನ್ನು ನೆಲೆಗೊಳಿಸಿದ ಕಥೆಯನ್ನೂ ವಾಚಕರು ಬಲ್ಲರು. ಗಮನಿಸಬೇಕಾದುದು ಇಷ್ಟೇ: ಮಲ್ಲೇಶ್ವರ, ಬಸವನಗುಡಿಗಳಿಗೆ ಸ್ಮೃತಿಕಾರರು ದೊರೆತರು, ವೈಟ್‌ಫೀಲ್ಡಿಗೆ ಜಾಹೀರಾತುಗಾರರು ದೊರೆತರು, 1948ರಲ್ಲಿ ಅಂದಿನ ಗವರ್ನರ್ ಜನರಲ್ ರಾಜಾಜಿಯವರಿಂದ ಶಿಲಾನ್ಯಾಸಗೊಂಡ ಜಯನಗರಕ್ಕೆ ಮಾತ್ರ ಇವರಿಬ್ಬರೂ ದೊರೆಯಲಿಲ್ಲ. ಅದರ ಬಾಡಿಗೆಯನ್ನು ಕುರಿತು ಆಡುವ ಜನ ಬಹಳ. ಅದರ ರಚನೆಯನ್ನು ಕುರಿತು ಆಲೋಚಿಸಿದವರು ವಿರಳ.

ಬೇಲಿಯೊಳಗಣ ಬಾಳಿನ ಕೀರ್ತಿ ಹೇಗೆ ನಿರ್ಮಾಣವಾಗುತ್ತದೆಂಬುದನ್ನು ಅರಿಯಲಿಚ್ಛಿಸುವವರು ಆ ವಸತಿಸಮುಚ್ಚಯಗಳ ಮಾರಾಟದ ಪುಸ್ತಿಕೆಯಲ್ಲಿ ಒಂದು ಪುಟವನ್ನು, ಎಂದರೆ ಸ್ಥಳದ ನಕ್ಷೆಯ ಪುಟವನ್ನು, ಸಾವಧಾನವಾಗಿ ಓದಬೇಕು; ಮನೆಕೊಳ್ಳುವವರು ಅತ್ಯಂತ ಶ್ರದ್ಧೆಯಿಂದ ನೋಡಿ ಅತ್ಯಂತ ಕಡಮೆ ಪರೀಕ್ಷಿಸುವ ಬರಹವೆಂದರೆ ಇದೇ. ಸಮುಚ್ಚಯವು ನಡುವೆ ನಕ್ಷತ್ರದಂತೆ ಅಂಕಿತವಾಗಿರುತ್ತದೆ. ಸುತ್ತಲೂ ಟೆಕ್ ಪಾರ್ಕು, ಅಂತರರಾಷ್ಟ್ರೀಯ ಶಾಲೆ, ಆಸ್ಪತ್ರೆ, ಮಾಲ್, ವಿಮಾನನಿಲ್ದಾಣಗಳು ಹೆಚ್ಚುಕಡಮೆ ಸಮದೂರದಲ್ಲಿ ಕುಳಿತಿರುತ್ತವೆ. ರಸ್ತೆಗಳು ತಿರುವಿಲ್ಲದೆ, ಅಡ್ಡಿಯಿಲ್ಲದೆ, ಒಂದೇ ಅಗಲದಲ್ಲಿ ಹರಿಯುತ್ತವೆ. ದೂರವನ್ನು ಕಿಲೋಮೀಟರುಗಳಲ್ಲಿ ಹೇಳದೆ ನಿಮಿಷಗಳಲ್ಲಿ ಹೇಳಿರುತ್ತದೆ. ನಕ್ಷೆಯು ಪ್ರಮಾಣಬದ್ಧವಲ್ಲವೆಂಬ ಒಂದು ಸಾಲು ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ.

ಆ ನಿಮಿಷಗಳು ಯಾರ ನಿಮಿಷಗಳು? ಯಾವ ಹೊತ್ತಿನ ನಿಮಿಷಗಳು? ಬೆಳಗಿನ ಎಂಟೂವರೆಗೆ ವರ್ತೂರು ಕೋಡಿಯಲ್ಲಿ ನಿಂತಿರುವ ವಾಹನಗಳ ಸಾಲನ್ನು ನೋಡಿದವರಾರೂ ಅವು ಆ ಹೊತ್ತಿನವೆಂದು ಹೇಳಲಾರರು. ಆದರೆ ಸಂಖ್ಯೆ ಸುಳ್ಳೆಂಬುದಕ್ಕಿಂತ ಗುರುತರವಾದ ದೋಷವೊಂದು ಇಲ್ಲಿದೆ. ಪುಟದ ಮೇಲಿನ ಪ್ರತಿಯೊಂದು ನಿಮಿಷವೂ ಕಾರಿನಲ್ಲಿ ಕುಳಿತ ಪ್ರೌಢನ ನಿಮಿಷ. ಆರು ವರ್ಷದ ಮಗುವಿನ ಹೆಜ್ಜೆಯಿಂದ ಅಳೆದ ದೂರ ಅಲ್ಲಿ ಒಂದೂ ಇಲ್ಲ. ಮಕ್ಕಳ ಹೆಸರಿನಲ್ಲಿ ಮಾರಾಟವಾಗುವ ಮನೆಯ ನಕ್ಷೆಯಲ್ಲಿ ಮಗು ತಾನಾಗಿ ತಲಪಬಹುದಾದ ಒಂದು ಸ್ಥಳವೂ ಗೇಟಿನಾಚೆ ಇಲ್ಲದಿರುವುದು ಆಕಸ್ಮಿಕವಲ್ಲ. ಅದು ಆ ಬದುಕಿನ ಯಥಾರ್ಥವಾದ ವರ್ಣನೆ. ಅಲ್ಲಿಯ ಮಗು ಏಳು ಗಂಟೆಗೆ ಶಾಲೆಯ ಹಳದಿ ಬಸ್ಸನ್ನೇರಿ, ಸಂಜೆ ಅದೇ ಬಸ್ಸಿನಿಂದಿಳಿದು, ಗೇಟಿನಿಂದ ಗೇಟಿಗೆ ಸಾಗಿಸಲ್ಪಡುತ್ತದೆ. ನಡುವಣ ಊರು ಅದಕ್ಕೆ ಗಾಜಿನಾಚೆಯ ದೃಶ್ಯಮಾತ್ರ.

ಅದೇ ಪುಟದಲ್ಲಿ ಕೆರೆಗಳು ನೀಲಿಯ ಅಲಂಕಾರವಾಗಿ ಶೋಭಿಸುತ್ತವೆ; ಅವನ್ನು ಒಂದಕ್ಕೊಂದು ಜೋಡಿಸುವ ರಾಜಕಾಲುವೆಗಳು ಮಾತ್ರ ಕಾಣುವುದಿಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರೆಲ್ಲ ಬೆಳ್ಳಂದೂರು ಕೆರೆಗೂ, ಅಲ್ಲಿಂದ ವರ್ತೂರು ಕೆರೆಗೂ ಇಳಿದು ಕಡೆಗೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ; ನಗರದ ಮಧ್ಯದ ದಿಬ್ಬದಿಂದ ಇಳಿಯುವ ಮಳೆನೀರಿಗೂ ಕೊಳಚೆಗೂ ಆಗ್ನೇಯದ ಹೊರವಲಯವೇ ತಗ್ಗು. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಶ್ರೀಮಂತ ವಿಲ್ಲಾಗಳ ನಿವಾಸಿಗಳು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಹೊರಬರಬೇಕಾಯಿತು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಇದೇ ವಲಯವು ಟ್ಯಾಂಕರುಗಳ ಹಾದಿ ಕಾಯಿತು. ನೀರು ಹೆಚ್ಚಾದಾಗ ಮುಳುಗಿ, ಕಡಮೆಯಾದಾಗ ಒಣಗುವ ಈ ನೆಲದ ಚರಿತ್ರೆ ಕಂದಾಯದ ಗ್ರಾಮನಕ್ಷೆಯಲ್ಲಿ ಬಹಿರಂಗವಾಗಿಯೇ ಇದೆ; ಸರ್ಕಾರದ ‘ದಿಶಾಂಕ್’ ಆ್ಯಪಿನಲ್ಲಿ ಸರ್ವೆ ನಂಬರನ್ನೂ ಕೆರೆ-ಕಾಲುವೆಗಳನ್ನೂ ಮೊಬೈಲಿನಲ್ಲಿಯೇ ನೋಡಬಹುದು. ಪುಸ್ತಿಕೆಯ ನಕ್ಷೆಯನ್ನು ಆ ನಕ್ಷೆಯ ಮೇಲಿರಿಸಿ ಓದದೆ ಮುಂಗಡ ಕೊಡುವುದು, ನನ್ನ ಮಟ್ಟಿಗೆ, ಮಕ್ಕಳ ವಿಷಯದಲ್ಲಿ ಕರ್ತವ್ಯಲೋಪವೇ ಸರಿ.

ಈ ಸಮುಚ್ಚಯಗಳ ಸಮರ್ಥಕರು ತಮ್ಮ ಕಲ್ಪನೆಗೆ ಎಬನೀಜರ್ ಹೊವರ್ಡನ ಉದ್ಯಾನನಗರದ ವಂಶಾವಳಿಯನ್ನು ಹೇಳುವುದುಂಟು. 1898ರಲ್ಲಿ ಆತನು ಪ್ರಕಟಿಸಿದ ಯೋಜನೆಯಲ್ಲಿ ಉದ್ಯಾನವಿತ್ತು, ನಿಜ. ಆದರೆ ಊರಿನ ಭೂಮಿಯು ಊರಿನ ಸಮುದಾಯದ ಸ್ವತ್ತಾಗಿ, ಬಾಡಿಗೆಯ ಲಾಭವು ಊರಿನ ಹಿತಕ್ಕೇ ಮರಳಬೇಕೆಂಬುದು ಅದರ ಪ್ರಾಣವಾಗಿತ್ತು. ಇದಕ್ಕಿಂತ ಸಮೀಪದ ಮಾನದಂಡವೊಂದಿದೆ. 1929ರಲ್ಲಿ ನ್ಯೂಯಾರ್ಕ್ ಪ್ರಾಂತದ ಯೋಜನೆಗಾಗಿ ಕ್ಲಾರೆನ್ಸ್ ಪೆರಿ ಎಂಬ ಅಮೆರಿಕನು ನೆರೆಹೊರೆಯ ಘಟಕವೊಂದನ್ನು ಕಲ್ಪಿಸಿದನು. ಒಂದು ಪ್ರಾಥಮಿಕ ಶಾಲೆಯನ್ನು ತುಂಬುವಷ್ಟು ಜನಸಂಖ್ಯೆ, ಶಾಲೆ ನಟ್ಟನಡುವೆ, ಅಲ್ಲಿಗೆ ಮನೆಗಳಿಂದ ಕಾಲು ಮೈಲಿ, ಎಂದರೆ ಸುಮಾರು 400 ಮೀಟರು, ದೂರ, ದೊಡ್ಡ ವಾಹನಮಾರ್ಗಗಳೆಲ್ಲ ಅಂಚಿನಲ್ಲಿ, ಮಗು ಅವನ್ನು ದಾಟದೆಯೇ ಶಾಲೆ ಸೇರುವಂತೆ, ಸುಮಾರು ಹತ್ತನೆಯ ಒಂದು ಪಾಲು ನೆಲ ಉದ್ಯಾನಕ್ಕೂ ಆಟಕ್ಕೂ. ಇಂದಿನ ಸಮುಚ್ಚಯದ ವಿನ್ಯಾಸವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ಸಾದೃಶ್ಯವೂ ವೈಷಮ್ಯವೂ ಒಟ್ಟಿಗೆ ಗೋಚರಿಸುತ್ತವೆ: ಅಂಚಿನ ವಾಹನಮಾರ್ಗವಿದೆ, ಉದ್ಯಾನವಿದೆ, ಆಟದ ಅಂಗಳವಿದೆ, ಆದರೆ ಪೆರಿಯು ಶಾಲೆಯನ್ನು ಇರಿಸಿದ ನಡುಸ್ಥಾನದಲ್ಲಿ ಕ್ಲಬ್‌ಹೌಸ್ ಇದೆ. ಈ ಒಂದು ಪಲ್ಲಟದಲ್ಲಿ ಇಡೀ ರಚನೆಯ ಅರ್ಥವೇ ಬದಲಾಗಿಹೋಗಿದೆ. ಶಾಲೆ ಎಲ್ಲರ ಮಕ್ಕಳನ್ನೂ ಒಳಕ್ಕೆ ಕರೆಯುವ ಸಂಸ್ಥೆ. ಕ್ಲಬ್‌ಹೌಸು ಸದಸ್ಯರಲ್ಲದವರನ್ನು ಹೊರಗಿಡುವ ಸಂಸ್ಥೆ.

ಇನ್ನು ಜಯನಗರದ ಒಳಬೀದಿಯೊಂದನ್ನು ಸಂಜೆ ನಾಲ್ಕರ ಹೊತ್ತಿಗೆ ನೋಡಬೇಕು. ಶಾಲೆ ಬಿಟ್ಟಿದೆ. ಚೀಲವನ್ನು ಅಜ್ಜಿಯ ಹೆಗಲಿಗೆ ವರ್ಗಾಯಿಸಿದ ಹುಡುಗಿಯೊಬ್ಬಳು ಎರಡು ಹೆಜ್ಜೆ ಮುಂದೆ ನಡೆಯುತ್ತಾಳೆ. ತಿರುವಿನಲ್ಲಿ ಹೊಂಗೆಯ ಮರದ ಕೆಳಗೆ ಇಸ್ತ್ರಿಗಾಡಿಯಾತನು ಕೆಂಡದ ಪೆಟ್ಟಿಗೆಯನ್ನು ಎತ್ತಿ ಬದಿಗಿಟ್ಟು ‘ಅಮ್ಮಾ, ನಿಮ್ಮ ಬಟ್ಟೆ ಆಗಿದೆ’ ಎನ್ನುತ್ತಾನೆ; ಅಜ್ಜಿ ಅಲ್ಲಿ ನಿಂತ ಕ್ಷಣದಲ್ಲಿ ಹುಡುಗಿ ಹಾಪ್‌ಕಾಮ್ಸ್ ಮಳಿಗೆಯವರೆಗೆ ಹೋಗಿಬಿಟ್ಟಿರುತ್ತಾಳೆ. ಅಜ್ಜಿಗೆ ಆತಂಕವಿಲ್ಲ. ಅಂಗಡಿಯವರಿಗೆ ಅವಳು ಯಾರ ಮನೆಯ ಕೂಸೆಂದು ಗೊತ್ತು. ಮುಂದಿನ ಅಡ್ಡರಸ್ತೆಯಲ್ಲಿ ಉದ್ಯಾನ; ಅದರಾಚೆ ಮನೆ. ಈ ಅಲ್ಪದೂರದಲ್ಲಿ ಆ ಮಗು ದಾರಿಯನ್ನೂ ದುಡ್ಡನ್ನೂ ಕನ್ನಡವನ್ನೂ, ತನ್ನ ಮನೆಯವರಲ್ಲದವರೊಡನೆ ಆಡಬೇಕಾದ ಮಾತಿನ ಮರ್ಯಾದೆಯನ್ನೂ ಕಲಿಯುತ್ತದೆ. ಯಾವ ಕ್ಲಬ್‌ಹೌಸಿನ ಬೇಸಗೆ ಶಿಬಿರವೂ ಕಲಿಸಲಾರದ ವಿದ್ಯೆ ಇದು.

ಇಲ್ಲಿ ನನಗೆ ಎರಡು ಪಕ್ಷದ ವಿಮರ್ಶಕರೊಡನೆ ವ್ಯಾಜ್ಯವಿದೆ. ಮೊದಲನೆಯವರು ಜೇನ್ ಜೇಕಬ್ಸ್ ಅವರ ಅನುಯಾಯಿಗಳು. 1961ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಆಕೆ ಹೊವರ್ಡನ ಪರಂಪರೆಯನ್ನು ಖಂಡಿಸಿ, ಮಕ್ಕಳು ಬೆಳೆಯಬೇಕಾದುದು ಜನಸಂಚಾರವಿರುವ ಕಾಲುದಾರಿಯಲ್ಲಿ, ಹಿರಿಯರ ಕಣ್ಣೆದುರಿನಲ್ಲಿ ಎಂದು ಪ್ರತಿಪಾದಿಸಿದರು. ಈ ವಾದ ನನಗೆ ಸಂಪೂರ್ಣವಾಗಿ ಸಮ್ಮತ. ಆದರೆ ನಮ್ಮ ನಗರದ ಅನುಯಾಯಿಗಳು ಅದನ್ನು ಹಿಡಿದು, ಯೋಜಿತವಾದುದೆಲ್ಲವೂ ನಿರ್ಜೀವವೆಂದು ತೀರ್ಮಾನಿಸಿ, ಟ್ರಸ್ಟ್ ಬೋರ್ಡಿನ ಬ್ಲಾಕುಗಳನ್ನು ಅಧಿಕಾರಿಗಳ ಚೌಕಟ್ಟಿನ ಊರುಗಳೆಂದು ತಳ್ಳಿಹಾಕುತ್ತಾರೆ. ಜೇಕಬ್ಸ್ ವಾಸವಾಗಿದ್ದ ಬೀದಿಯಲ್ಲಿ ಇದ್ದುದು, ಜಯನಗರದ ಬೀದಿಯಲ್ಲಿಯೂ ಇದೆ: ಮನೆಯ ಪಕ್ಕದಲ್ಲಿ ಅಂಗಡಿ, ಅಂಗಡಿಯ ಮುಂದೆ ಪರಿಚಿತರು, ದಿನವೆಲ್ಲ ಓಡಾಟ. ಯೋಜನೆಯು ಅಡ್ಡರಸ್ತೆ, ಉದ್ಯಾನ, ಶಾಲೆಗಳ ಅಸ್ಥಿಪಂಜರವನ್ನು ಒದಗಿಸಿತು; ಜನರು ಎಪ್ಪತ್ತು ವರ್ಷಗಳಲ್ಲಿ ಅದಕ್ಕೆ ಮಾಂಸವನ್ನು ತುಂಬಿದರು. ಯೋಜನೆ ಮತ್ತು ಜೀವಂತಿಕೆಗಳು ಪರಸ್ಪರ ವಿರೋಧಿಗಳೆಂಬ ಭಾವನೆ ಆಮದಾದ ಜಗಳವೊಂದರ ಪ್ರತಿಧ್ವನಿ. 1939ರಲ್ಲಿಯೇ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ ಓಟೊ ಕೋನಿಗ್ಸ್‌ಬರ್ಗರ್ ನೆರೆಹೊರೆಯ ಘಟಕದ ತತ್ತ್ವವನ್ನು ಮುಂದೆ 1948ರಲ್ಲಿ ಭುವನೇಶ್ವರದ ಯೋಜನೆಗೆ ಅಳವಡಿಸಿದುದನ್ನು ನೆನೆದರೆ, ಶಾಲೆಯ ಸುತ್ತ ಊರು ಕಟ್ಟುವ ವಿಚಾರ ಈ ದೇಶಕ್ಕೆ ಅಪರಿಚಿತವಾದುದೇನಲ್ಲವೆಂಬುದು ಸ್ಪಷ್ಟ.

ಎರಡನೆಯ ಪಕ್ಷದವರು ಗತಕಾಲದ ಆರಾಧಕರು. ಮಲ್ಲೇಶ್ವರದ ಸಂಪಿಗೆ, ಬಸವನಗುಡಿಯ ಕಡಲೆಕಾಯಿ ಪರಿಷೆಗಳ ಸ್ಮರಣೆಯಿಂದಲೇ ಬಡಾವಣೆಯ ಯೋಗ್ಯತೆಯನ್ನು ಅಳೆಯುವ ಇವರು, ಇಂದು ಬರುವ ಸಂಸಾರಕ್ಕೆ ಆ ಸ್ಮರಣೆಯಲ್ಲಿ ಪಾಲಿಲ್ಲವೆಂಬುದನ್ನು ಮರೆಯುತ್ತಾರೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಷರತ್ತು ಹಳೆಯ ಬಡಾವಣೆಗಳಲ್ಲಿ ಈಗಲೂ ಎಷ್ಟೋ ಕುಟುಂಬಗಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತದೆ. ಇದು ಬೇಲಿಯ ಗೋಡೆಗಿಂತ ಕೀಳಾದ ಗೋಡೆ. ಜಯನಗರವೂ ಈ ಕಳಂಕದಿಂದ ಮುಕ್ತವಲ್ಲ. ಬಡಾವಣೆಯನ್ನು ಮೆಚ್ಚಬೇಕಾದುದು ಅದರ ಬೀದಿ ಎಲ್ಲರದೆಂಬ ಕಾರಣಕ್ಕಾಗಿ. ಆ ಕಾರಣವನ್ನು ಒಪ್ಪಿದವರು ಬಾಡಿಗೆಯ ಬಾಗಿಲನ್ನೂ ಎಲ್ಲರಿಗೆ ತೆರೆಯಬೇಕು.

ಬೇಲಿಯೊಳಗಣ ಬಾಳಿಗೂ ಗುಣಗಳಿವೆ. ಕಾರಿನ ಭಯವಿಲ್ಲದೆ ಮಕ್ಕಳು ಆಡಬಲ್ಲರು. ವಿದ್ಯುತ್ತು ಹೋದರೆ ಜನರೇಟರು ತಕ್ಷಣ ಮೊರೆಯುತ್ತದೆ. ಹಲವು ಭಾಷೆಗಳ ನೆರೆಯವರು ದೊರೆಯುತ್ತಾರೆ. 2023ರಿಂದ ವೈಟ್‌ಫೀಲ್ಡಿಗೆ ಮೆಟ್ರೊ ಬಂದಿದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೆಯ ಹಂತವೂ ಉದ್ಘಾಟನೆಯಾಗಿದೆ. ಜಯನಗರದಲ್ಲಿ ಫುಟ್‌ಪಾತಿನ ಮೇಲೆ ಬೈಕುಗಳು ನಿಲ್ಲುತ್ತವೆ, ಮನೆಗಳು ಷೋರೂಮುಗಳಾಗುತ್ತಿವೆ, ಬಾಡಿಗೆಯೂ ಅಡ್ವಾನ್ಸೂ ಹೊಸಬರ ಎದೆ ಕುಗ್ಗಿಸುತ್ತವೆ. ಆದರೆ ಈ ದೋಷಗಳು ನಗರಪಾಲಿಕೆಯ ದಕ್ಷತೆಯಿಂದ ಸರಿಹೋಗತಕ್ಕವು. ಗೋಡೆಯ ದೋಷವಾದರೋ ಗೋಡೆಯನ್ನು ಕೆಡಹದೆ ಹೋಗತಕ್ಕದ್ದಲ್ಲ.

ಆದುದರಿಂದ ಮನೆ ಹುಡುಕುವ ದಂಪತಿಗಳು ಕ್ರಮವನ್ನು ತಿರುಗಿಸಬೇಕು. ಮೊದಲು ಶಾಲೆ, ಅನಂತರ ದಾರಿ, ಕಡೆಗೆ ಮನೆ. ಪ್ರಾಥಮಿಕ ಶಾಲೆಯು ಒಂದು ಕಿಲೋಮೀಟರಿನ ನಡಿಗೆಯೊಳಗೆ ಇರಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳ ಅಳತೆಯೇ ಆಗಿದೆ. ಆ ಅಳತೆಯನ್ನು ನಾವು ಬಡವರಿಗಾಗಿ ಬರೆದ ಕಟ್ಟಳೆಯೆಂದು ಬಗೆದು ಬಿಟ್ಟುಕೊಟ್ಟೆವು. ಶಾಲೆ ಬಿಡುವ ಹೊತ್ತಿಗೆ ಮಗುವನ್ನು ಕರೆದುಕೊಂಡು ಆ ದಾರಿಯನ್ನು ಒಮ್ಮೆ ನಡೆಯಬೇಕು. ನಡುವೆ ದಾಟಲಾಗದ ರಸ್ತೆಯಿದ್ದರೆ ಆ ಮನೆಯನ್ನು ಬಿಡಬೇಕು. ಎರಡು ಕೋಣೆಯ ಹಳೆಯ ಮನೆಯೊಂದು ಇಂಥ ದಾರಿಯ ಕೊನೆಯಲ್ಲಿ ದೊರೆತರೆ, ಮೂರು ಕೋಣೆಯ ಹೊಸ ಫ್ಲ್ಯಾಟಿಗಿಂತ ಅದೇ ಶ್ರೇಷ್ಠ. ಜಯನಗರವು ಕೈಗೆಟುಕದಿದ್ದರೆ ವಿಜಯನಗರ, ರಾಜಾಜಿನಗರ, ಜಾಲಹಳ್ಳಿಯ ಕಾರ್ಖಾನೆಗಳ ಸುತ್ತಿನ ಬಡಾವಣೆಗಳು ಇದೇ ಪರೀಕ್ಷೆಯಲ್ಲಿ ಉತ್ತೀರ್ಣವಾಗಬಲ್ಲವು. ಟ್ರಸ್ಟ್ ಬೋರ್ಡಿನ ಉತ್ತರಾಧಿಕಾರಿಯಾದ ಅಭಿವೃದ್ಧಿ ಪ್ರಾಧಿಕಾರವು ಕೆಂಪೇಗೌಡ ಬಡಾವಣೆ, ಶಿವರಾಮ ಕಾರಂತ ಬಡಾವಣೆಗಳಲ್ಲಿ ನಿವೇಶನಗಳನ್ನು ಹಂಚುವಾಗಲೂ ನಾಗರಿಕರು ಕೇಳಬೇಕಾದ ಪ್ರಶ್ನೆ ಇದೊಂದೇ: ಮೊದಲ ಮನೆಗೆ ಗೃಹಪ್ರವೇಶವಾಗುವ ದಿನ ಶಾಲೆಯ ಬಾಗಿಲು ತೆರೆದಿರುವುದೆ? ತೆರೆದಿಲ್ಲವಾದರೆ ಅಲ್ಲಿ ಹಂಚಿಕೆಯಾಗುವುದು ಬರಿಯ ನೆಲ. ಅದನ್ನು ಬಡಾವಣೆಯೆಂದು ಒಪ್ಪಿಕೊಳ್ಳಲು ನಾವು ನಿರಾಕರಿಸಬೇಕು.