ಗುಣದೇವಿಯರ ಸುತ್ತಲಿನ ಜನ

ಲೈಡನ್ನಿನ ಲ್ಯೂಕಾಸ್ 1510ರಲ್ಲಿ ಹಾಲು ಕರೆಯುವವಳನ್ನೂ ಹಸುಗಳನ್ನೂ ತಾಮ್ರದ ತಗಡಿನ ಮೇಲೆ ಕೆತ್ತಿದ. ಪುರಾಣದ ನೆಪವೂ ಬೇಕಾಗಲಿಲ್ಲ. ಅದೇ ಕೈ 1530ರಲ್ಲಿ ಏಳು ಸದ್ಗುಣಗಳನ್ನು ಕೆತ್ತಿದಾಗ ಹುಟ್ಟಿದ್ದು ಇಟಲಿಯ ಅಚ್ಚಿನ ನಗ್ನ ಹೆಂಗಸರು. ಗೆರೆಗಳ ನಯಕ್ಕೆ ತಲೆದೂಗಲೇಬೇಕು. ಆದರೆ ಲಾಂಛನ ಕಿತ್ತುಕೊಂಡರೆ ಇವರಲ್ಲಿ ನ್ಯಾಯ ಯಾರು, ಸಂಯಮ ಯಾರು ಎಂದು ಹೇಳುವುದು ಕಷ್ಟ.

ಮೂವತ್ತು ವರ್ಷದ ಮೇಲೆ ಪೀಟರ್ ಬ್ರೂಗೆಲ್ ಇದೇ ಏಳನ್ನು ಮತ್ತೆ ಎತ್ತಿಕೊಂಡ. 1559–60ರಲ್ಲಿ ಅವನು ಬರೆದ ರೇಖಾಚಿತ್ರಗಳನ್ನು ಆಂಟ್ವರ್ಪಿನ ಹಿರೋನಿಮಸ್ ಕಾಕ್ ಅಚ್ಚುಹಾಕಿಸಿ ಮಾರಿದ. ಕೆತ್ತಿದವನು ಫಿಲಿಪ್ಸ್ ಗಾಲೆ ಎನ್ನುತ್ತಾರೆ. ಇಲ್ಲಿಯೂ ದೇವಿಯರಿದ್ದಾರೆ, ಲಾಂಛನಗಳು ಇನ್ನೂ ಜಾಸ್ತಿಯೇ. ಭರವಸೆಯ ತಲೆಯ ಮೇಲೆ ಜೇನುಗೂಡು, ವಿವೇಕದ ತಲೆಯ ಮೇಲೆ ಜರಡಿ! ಆದರೆ ಸುತ್ತ ಊರಿಗೆ ಊರೇ ನೆರೆದಿದೆ. ವಿವೇಕದ ಚಿತ್ರದಲ್ಲಿ ಜನ ಮಾಂಸಕ್ಕೆ ಉಪ್ಪು ಹಾಕಿಡುತ್ತಾರೆ, ಸೌದೆ ಕೂಡಿಡುತ್ತಾರೆ. ಗುಣವೆಂಬುದು ಚಳಿಗಾಲಕ್ಕೆ ಮುಂಚಿನ ಕೆಲಸವಾಗಿದೆ.

ಎಲ್ಲಕ್ಕಿಂತ ಕಾಡುವುದು ‘ನ್ಯಾಯ’. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ದೇವಿ ಕತ್ತಿ, ತಕ್ಕಡಿ ಹಿಡಿದು ನಡುವೆ ನಿಂತಿದ್ದಾಳೆ. ಅವಳ ಮುಂದೆಯೇ ಒಬ್ಬನನ್ನು ಹಲಗೆಗೆ ಕಟ್ಟಿ, ಕೈಕಾಲು ಎಳೆದು, ಬಾಯಿಗೆ ನೀರು ಸುರಿಯುತ್ತಿದ್ದಾರೆ. ಇನ್ನೊಬ್ಬನ ತಲೆ ಕಡಿಯಲು ಕತ್ತಿ ಎದ್ದಿದೆ. ದೂರದಲ್ಲಿ ಗಲ್ಲು, ಚಕ್ರ, ಬೆಂಕಿ. ಗುಮಾಸ್ತರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದಾರೆ. ಕೆಳಗಿನ ಲ್ಯಾಟಿನ್ ಒಕ್ಕಣೆಯಾದರೋ ಶಿಕ್ಷೆ ತಪ್ಪಿತಸ್ಥನನ್ನು ತಿದ್ದುತ್ತದೆ, ಉಳಿದವರಿಗೆ ಪಾಠವಾಗುತ್ತದೆ, ಸಮಾಜವನ್ನು ಕಾಯುತ್ತದೆ ಎನ್ನುತ್ತದೆ. ಇದು ವ್ಯಂಗ್ಯವೋ, ಆ ಕಾಲದ ವಾಡಿಕೆಯ ಕಾನೂನಿನ ವರದಿಯೋ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬ್ರೂಗೆಲ್ ಬಂಡಾಯ ಸಾರಿದ್ದಾನೆಂದು ನಾನೂ ಹೇಳಲಾರೆ. ಆದರೂ ಲ್ಯೂಕಾಸನ ದೇವಿಗೆ ಇಲ್ಲದ ಒಂದು ತೊಡಕು ಇವಳಿಗಿದೆ: ತನ್ನ ಹೆಸರಿನಲ್ಲಿ ನಡೆಯುವುದಕ್ಕೆಲ್ಲ ಇವಳು ಉತ್ತರ ಹೇಳಬೇಕು. ಕಣ್ಣಿನ ಬಟ್ಟೆ ಆಗ ಬರೀ ನಿಷ್ಪಕ್ಷಪಾತದ ಗುರುತಾಗಿ ಉಳಿಯುವುದಿಲ್ಲ.

ಈ ಮಾಲೆಯಲ್ಲಿ ಎಲ್ಲವೂ ಹೀಗೆ ಗೆದ್ದಿಲ್ಲ. ‘ಸಂಯಮ’ದಲ್ಲಿ ತಲೆಯ ಮೇಲೆ ಗಡಿಯಾರ, ಬಾಯಲ್ಲಿ ಕಡಿವಾಣ, ಕೈಯಲ್ಲಿ ಕನ್ನಡಕ, ಕಾಲಡಿಯಲ್ಲಿ ಗಾಳಿಗಿರಣಿಯ ರೆಕ್ಕೆ. ಸುತ್ತ ಲೆಕ್ಕ, ಸಂಗೀತ, ನಾಟಕ, ಭೂಮಿ ಅಳೆಯುವವರು. ಒಂದೊಂದೇ ಗುಂಪು ನೋಡಿದರೆ ಸೊಗಸು. ಒಟ್ಟಿಗೆ ನೋಡಿದರೆ ಕಣ್ಣಿಗೆ ನಿಲ್ಲಲು ಜಾಗವಿಲ್ಲ. ಸಂಯಮವನ್ನೇ ವಸ್ತುವಾಗಿ ಇಟ್ಟುಕೊಂಡ ಚಿತ್ರದಲ್ಲಿ ಅದೇ ಕಡಿಮೆಯಾಯಿತು.