ದೂರದ ಕ್ಯೂಗೆ ಗಣಿಯ ಗಂಟೆಯ ಶಿಸ್ತು

ಎಲ್ಲೋ ದೂರದ ಸರ್ವರ್‌ನಲ್ಲಿರುವ ಮೆಸೇಜ್ ಕ್ಯೂವನ್ನು ಒಂದು ಪ್ರೋಗ್ರಾಂ ಹುಟ್ಟಿಸಬಲ್ಲದು, ಎಣಿಸಬಲ್ಲದು, ಖಾಲಿ ಮಾಡಬಲ್ಲದು, ಅಳಿಸಿಯೂ ಹಾಕಬಲ್ಲದು. ಆ ಕ್ಯೂನಲ್ಲಿ ಯಾರದೋ ಟಿಕೆಟ್, ಯಾರದೋ ಸಂಬಳ, ಯಾರದೋ ಔಷಧಿಯ ಆರ್ಡರ್ ಕಾಯುತ್ತಿರುತ್ತದೆ. ಕಣ್ಣಿಗೆ ಕಾಣದ ಜಾಗದಲ್ಲಿ ಇನ್ನೊಬ್ಬರ ಪಾಲಿನದನ್ನು ಆಡಿಸುವ ಈ ಅಧಿಕಾರಕ್ಕೆ ಎಂಥ ಕಟ್ಟುಪಾಡಿರಬೇಕು? ಸಾಫ್ಟ್‌ವೇರ್ ಪುಸ್ತಕಗಳಿಗಿಂತ ಒಳ್ಳೆಯ ಉತ್ತರ ಕೋಲಾರದ ಊರಿಗಾಂ ಸುತ್ತಲಿನ ಚಿನ್ನದ ಗಣಿಗಳಲ್ಲಿದೆ ಎಂಬುದು ನನ್ನ ನಂಬಿಕೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಗೆತ್ತಿಕೊಂಡ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಊರಿಗಾಂನ ಪಕ್ಕದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಮೇಲೆ ಎಂಜಿನ್ ಮನೆಯಲ್ಲಿ ಕೂತ ವೈಂಡಿಂಗ್ ಚಾಲಕನಿಗೆ ಜನರನ್ನು ಇಳಿಸಿ ಏರಿಸುವ ಕೇಜ್ ಕೆಳಗೆ ಕಾಣುತ್ತಿರಲಿಲ್ಲ. ಆಳ ತೋರಿಸುವ ಮುಳ್ಳು ಮತ್ತು ಗಂಟೆ, ಇವೆರಡೇ ಅವನ ಆಧಾರ. ಗಣಿಯ ನಿಯಮದಂತೆ, ಕೇಜ್ ಓಡುತ್ತಿರುವಾಗ ಒಂದು ಗಂಟೆ ಬಿದ್ದರೆ ನಿಲ್ಲಿಸಬೇಕು. ಎರಡು ಬಿದ್ದರೆ ಇಳಿಸಬೇಕು. ಮೂರು ಬಿದ್ದರೆ ಹತ್ತುವವರು ಮನುಷ್ಯರು. ಆ ಮೂರಕ್ಕೆ ಚಾಲಕ ಮರುಗಂಟೆ ಕೊಟ್ಟ ಮೇಲೆಯೇ ಜನ ಕೇಜಿಗೆ ಕಾಲಿಡಬೇಕು. ಗಂಟೆ ಬಾರಿಸುವ ಅಧಿಕಾರ ನೇಮಕಗೊಂಡವರಿಗೆ ಮಾತ್ರ. ಆಜ್ಞೆಗಳು ಕೆಲವೇ, ಪ್ರತಿ ಆಜ್ಞೆಗೂ ಒಂದೇ ಅರ್ಥ, ಜೀವದ ಪ್ರಶ್ನೆ ಬಂದಲ್ಲಿ ಮರುಉತ್ತರ ಕಡ್ಡಾಯ. ಈ ಮೂರು ಅಳತೆಗಳನ್ನು ಹಿಡಿದು ಮೆಸೇಜ್ ಕ್ಯೂ ನಡೆಸುವ ಇಂದಿನ ಎರಡು ಪದ್ಧತಿಗಳನ್ನು ನೋಡೋಣ.

ಮೊದಲನೆಯದು 2007ರಲ್ಲಿ ಬಂದ, ಎರ್ಲಾಂಗ್ ಭಾಷೆಯಲ್ಲಿ ಬರೆದ ರ‍್ಯಾಬಿಟ್‌ಎಂಕ್ಯೂ. ಇದರಲ್ಲಿ ಮೆಸೇಜುಗಳು ಸಾಮಾನ್ಯವಾಗಿ ಓಡಾಡುವುದು 5672ನೇ ಪೋರ್ಟ್‌ನಲ್ಲಿ. ನಿರ್ವಹಣೆಗೆ 15672ನೇ ಪೋರ್ಟ್‌ನಲ್ಲಿ ಬೇರೆಯೇ ಎಚ್‌ಟಿಟಿಪಿ ಬಾಗಿಲಿದೆ. ಇದು ನಿಜಕ್ಕೂ ಮೆಚ್ಚಬೇಕಾದ ವಿವೇಕ. ಮೆಮೊರಿ ಮಿತಿ ಮೀರಿದಾಗ ಸರ್ವರ್ ಹೊಸ ಮೆಸೇಜು ಕಳಿಸುವವರನ್ನು ತಡೆದು ನಿಲ್ಲಿಸುತ್ತದೆ. ಆಗಲೂ ನಿರ್ವಹಣೆಯ ಪ್ರೋಗ್ರಾಂ ತನ್ನ ಬಾಗಿಲಿನಿಂದ ಒಳಹೊಕ್ಕು ಯಾವ ಕ್ಯೂ ಉಬ್ಬಿದೆ, ಯಾವುದನ್ನು ಓದುವವರಿಲ್ಲ ಎಂದು ನೋಡಬಹುದು. ಮೊದಲಿಂದ ಇರುವ ‘ಗೆಸ್ಟ್’ ಖಾತೆ ಅದೇ ಯಂತ್ರದೊಳಗಿಂದಲ್ಲದೆ ಹೊರಗಿನಿಂದ ತೆರೆಯದಂತೆ ಇಟ್ಟಿರುವುದೂ ಒಳ್ಳೆಯದೇ.

ಅಂಕಿ ಓದಿ ಅದರ ಮೇಲೆ ಕ್ರಮ ಕೈಗೊಳ್ಳುವ ಹೊತ್ತಿಗೆ ಮಾತ್ರ ಈ ಪದ್ಧತಿ ಸಡಿಲವಾಗುತ್ತದೆ. ಆ ಬಾಗಿಲಲ್ಲಿ ಸಿಗುವ ಕ್ಯೂನ ಲೆಕ್ಕ ಮೂಲ ಸೆಟ್ಟಿಂಗ್‌ನಲ್ಲಿ 5 ಸೆಕೆಂಡಿಗೊಮ್ಮೆ ಹೊಸದಾಗುವಂಥದು. ‘ಬಾಕಿ ಸೊನ್ನೆ’ ಎಂದು ಓದಿ ಕ್ಯೂ ಅಳಿಸಹೊರಟ ಪ್ರೋಗ್ರಾಂ, ಆ ನಡುವೆ ಬಂದು ಸೇರಿದ ಮೆಸೇಜುಗಳನ್ನೂ ಕೂಡಿಯೇ ಅಳಿಸಿಬಿಡುತ್ತದೆ. ಕ್ಲಾಸಿಕ್ ಬಗೆಯ ಕ್ಯೂಗಳಲ್ಲಿ ‘ಖಾಲಿಯಿದ್ದರೆ ಮಾತ್ರ ಅಳಿಸು’ ಎಂಬ ಷರತ್ತು ಹಾಕಬಹುದು. ಆಗ ಸರ್ವರ್ ತಾನೇ ಆ ಕ್ಷಣದಲ್ಲಿ ನೋಡಿ ತೀರ್ಮಾನಿಸುತ್ತದೆ. ಕ್ಯೂವನ್ನು ಉಳಿಸಿಕೊಂಡು ಒಳಗಿನದನ್ನು ಖಾಲಿ ಮಾಡುವ ‘ಪರ್ಜ್’ ಆಜ್ಞೆಗೆ ಇಂಥ ಷರತ್ತೇ ಇಲ್ಲ. ಅದಕ್ಕೆ ಬೇಕಾದದ್ದು ಓದುವ ಅನುಮತಿಯಷ್ಟೇ. ಓದುಗನು ಹೇಗೂ ಮೆಸೇಜುಗಳನ್ನು ಒಂದೊಂದಾಗಿ ತೆಗೆದು ಮುಗಿಸಬಲ್ಲ ತಾನೇ ಎಂಬ ತರ್ಕ ಇದರ ಹಿಂದಿದೆ. ಒಪ್ಪಬಹುದಾದ ತರ್ಕವೇ, ಆದರೂ ಒಂದೊಂದಾಗಿ ತೆಗೆಯುವುದಕ್ಕೂ ಒಂದೇ ಏಟಿಗೆ ಲಕ್ಷ ಮೆಸೇಜು ಚೆಲ್ಲುವುದಕ್ಕೂ ಅಂತರ ದೊಡ್ಡದು. ಪರ್ಜ್ ಆದ ಮೆಸೇಜುಗಳು ಕೆಟ್ಟ ಮೆಸೇಜುಗಳಿಗೆಂದು ಇಟ್ಟ ಡೆಡ್ ಲೆಟರ್ ಕ್ಯೂಗೂ ಸೇರುವುದಿಲ್ಲ. ಗಣಿಯ ಅಳತೆಯಲ್ಲಿ ಇದು ದೊಡ್ಡ ಕೊರತೆ.

ಎರಡನೆಯದು 1993ರಿಂದ ಬ್ಯಾಂಕುಗಳಲ್ಲಿ ಬೇರುಬಿಟ್ಟಿರುವ ಐಬಿಎಂ ಎಂಕ್ಯೂ. ಇಲ್ಲಿ ನಿರ್ವಹಣೆಯ ಆಜ್ಞೆಯೇ ಒಂದು ಮೆಸೇಜು. ಪ್ರೋಗ್ರಾಂ ಪಿಸಿಎಫ್ ಎಂಬ ನಮೂನೆಯಲ್ಲಿ ಆಜ್ಞೆಯನ್ನು ಬರೆದು ಅದಕ್ಕೆಂದೇ ಇರುವ ಕಮಾಂಡ್ ಕ್ಯೂಗೆ ಹಾಕುತ್ತದೆ. ಉತ್ತರ ಬೇರೊಂದು ಕ್ಯೂಗೆ ಬರುತ್ತದೆ. ಆ ಉತ್ತರದಲ್ಲಿ ಕೆಲಸ ಆಯಿತೇ ಇಲ್ಲವೇ ಎಂಬ ಸಂಕೇತ, ಆಗದಿದ್ದರೆ ಕಾರಣದ ಸಂಖ್ಯೆ ಎರಡೂ ಇರುತ್ತವೆ. ಗಣಿಯ ಮರುಗಂಟೆಗೆ ಇಷ್ಟು ಹತ್ತಿರದ ಏರ್ಪಾಡು ಇನ್ನೊಂದನ್ನು ನಾನು ಕಂಡಿಲ್ಲ. 7.1ನೇ ಆವೃತ್ತಿಯಿಂದ, ಹೊಸದಾಗಿ ಕಟ್ಟಿದ ಕ್ಯೂ ಮ್ಯಾನೇಜರ್ (ಕ್ಯೂಗಳನ್ನು ನಡೆಸುವ ಸರ್ವರ್) ದೂರದಿಂದ ಬರುವ ಆಡಳಿತಾಧಿಕಾರವುಳ್ಳ ಬಳಕೆದಾರರನ್ನು ಮೊದಲೇ ತಡೆಯುತ್ತದೆ. ಬೇಕಾದವರಿಗೆ ನಾವೇ ದಾರಿ ಬಿಡಬೇಕು. ದೋಷವೂ ಇದೆ. ಆಜ್ಞೆಗಳನ್ನು ಎತ್ತಿಕೊಳ್ಳುವ ಕಮಾಂಡ್ ಸರ್ವರ್ ನಿಂತರೆ ಅವು ಕ್ಯೂನಲ್ಲೇ ಕೂರುತ್ತವೆ. ತೊಂದರೆಯ ಹೊತ್ತಿನಲ್ಲೇ ಕೈ ಕಟ್ಟಿಹೋಗುವ ಭಯ ಇದರಿಂದ.

ತೂಗಿ ನೋಡಿದರೆ, ಸ್ಥಿತಿ ತಿಳಿಯುವುದಕ್ಕೆ ರ‍್ಯಾಬಿಟ್‌ನ ಪ್ರತ್ಯೇಕ ಬಾಗಿಲು ಮೇಲು. ಬದಲಾವಣೆ ಮಾಡುವುದಕ್ಕೆ ಐಬಿಎಂನ ಉತ್ತರಸಹಿತ ಆಜ್ಞೆ ಮೇಲು. ಖಾಲಿ ಮಾಡುವ ಆಜ್ಞೆಗೆ ತಕ್ಕ ಕಾವಲು ರ‍್ಯಾಬಿಟ್‌ನಲ್ಲಿ ಇಲ್ಲವಾದ್ದರಿಂದ ಅದನ್ನು ಬಳಸುವವರೇ ಕಟ್ಟಿಕೊಳ್ಳಬೇಕು. ಅಂಕಿ ನೋಡುವ ಪ್ರೋಗ್ರಾಂಗೆ ‘ಮಾನಿಟರಿಂಗ್’ ದರ್ಜೆಯ ಖಾತೆಯಷ್ಟೇ ಸಾಕು, ಕ್ಯೂಗಳ ಮೇಲೆ ಅನುಮತಿ ಬೇಡ. ಕ್ಯೂ ಕಟ್ಟುವ ಪ್ರೋಗ್ರಾಂಗೆ ಹೆಸರಿನ ಮುಂಭಾಗ ಗೊತ್ತುಮಾಡಿ, ಆ ಹೆಸರಿನವುಗಳ ಮೇಲಷ್ಟೇ ಅಧಿಕಾರ ಕೊಡಬೇಕು. ಅನುಮಾನದ ಮೆಸೇಜುಗಳನ್ನು ಚೆಲ್ಲುವ ಬದಲು ಬೇರೆ ಕ್ಯೂಗೆ ಸಾಗಿಸಿಡಬೇಕು. ಪರ್ಜ್ ಆಜ್ಞೆಯನ್ನಂತೂ ಗಡಿಯಾರ ನೋಡಿ ತಾನೇ ಓಡುವ ಪ್ರೋಗ್ರಾಂ ಕೈಗೆ ಕೊಡಲೇಬಾರದು. ಒಬ್ಬರು ಕೇಳಿ, ಇನ್ನೊಬ್ಬರು ಒಪ್ಪಿದ ಮೇಲೆಯೇ ಅದು ನಡೆಯಬೇಕು.

ಇದರಿಂದ ಕೆಲಸ ನಿಧಾನವಾಗುತ್ತದೆ ಎಂದು ದೂರುವವರಿದ್ದಾರೆ. ಮರುಗಂಟೆಗೆ ಕಾಯುವುದರಿಂದ ಪ್ರತಿ ಪಾಳಿಯಲ್ಲೂ ಗಣಿಗೆ ಒಂದಿಷ್ಟು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತನ್ನು ಕೆಲಸದ ಭಾಗವೆಂದೇ ಎಣಿಸಿದ ನಿಯಮ ಅದು; ಕ್ಯೂ ನಡೆಸುವವರ ಲೆಕ್ಕದಲ್ಲೂ ಅದಕ್ಕೆ ಜಾಗ ಇರಬೇಕು.